ಪದವೀಧರರ ಮೊದಲ ಸಂಬಳ ವಿಶ್ವವಿದ್ಯಾಲಯದ ಅಂಕಪಟ್ಟಿಯಾದ ಬಗೆ

2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಯು.ಎಸ್. ನ್ಯೂಸ್ ಸಂಸ್ಥೆ ಪ್ರಕಟಿಸಿದ ಕಾಲೇಜು ರ‍್ಯಾಂಕಿಂಗ್ ಪಟ್ಟಿಯಲ್ಲಿ, ಹಳೆಯ ವಿದ್ಯಾರ್ಥಿಗಳ ಪೈಕಿ ಎಷ್ಟು ಮಂದಿ ತಾವು ಓದಿದ ಕಾಲೇಜಿಗೆ ದೇಣಿಗೆ ಕೊಡುತ್ತಾರೆ ಎಂಬ ಹಳೆಯ ಅಂಶ ಇರಲಿಲ್ಲ. ಅದೇ ಪಟ್ಟಿಯಲ್ಲಿ, ಪದವೀಧರರ ಗಳಿಕೆ ಪ್ರೌಢಶಿಕ್ಷಣ ಮಾತ್ರ ಮುಗಿಸಿದವರ ಗಳಿಕೆಗಿಂತ ಹೆಚ್ಚಿದೆಯೇ ಎಂಬ ಹೊಸ ಅಂಶ ಸೇರಿಕೊಂಡಿತ್ತು. ಆ ವರ್ಷದ ಜೂನ್‌ನಲ್ಲಿ ಬಂದ ಕ್ಯೂಎಸ್ ಸಂಸ್ಥೆಯ ಜಾಗತಿಕ ವಿಶ್ವವಿದ್ಯಾಲಯ ಪಟ್ಟಿಯೂ ಪದವೀಧರರ ಉದ್ಯೋಗ ಫಲಿತಾಂಶಕ್ಕೆ ಮೊದಲ ಬಾರಿಗೆ ಶೇಕಡಾ 5ರ ತೂಕ ಕೊಟ್ಟು, ಉದ್ಯೋಗದಾತರ ಅಭಿಪ್ರಾಯದ ತೂಕವನ್ನು 10ರಿಂದ 15ಕ್ಕೆ ಏರಿಸಿತ್ತು. ಎರಡು ವರ್ಷಗಳ ನಂತರ, 2025ರ ಜುಲೈ 4ರಂದು ಅಮೆರಿಕದಲ್ಲಿ ಸಹಿಯಾದ ಕಾಯ್ದೆಯೊಂದು ಇದೇ ಗಳಿಕೆಯ ಲೆಕ್ಕವನ್ನು ಸರ್ಕಾರಿ ಶಿಕ್ಷಣ ಸಾಲದ ಅರ್ಹತೆಗೆ ಜೋಡಿಸಿತು.

ಈ ಸುದ್ದಿಗಳನ್ನು ಓದಿದವರಿಗೆ ಗೊಂದಲವಾಗುವುದು ಸಹಜ. ಒಂದೇ ವಿಶ್ವವಿದ್ಯಾಲಯ ಒಂದು ಪಟ್ಟಿಯಲ್ಲಿ ಮೇಲೇರಿ ಇನ್ನೊಂದರಲ್ಲಿ ಕೆಳಗಿಳಿಯುತ್ತದೆ. ಪದವೀಧರರು ಕೆಲಸ ಸಿಗದೆ ಪರದಾಡುತ್ತಿದ್ದಾರೆ ಎಂಬ ವರದಿಯ ಪಕ್ಕದಲ್ಲೇ ಶೇಕಡಾ 90ಕ್ಕೂ ಹೆಚ್ಚು ಪ್ಲೇಸ್‌ಮೆಂಟ್ ಎಂಬ ಜಾಹೀರಾತು ಅಚ್ಚಾಗಿರುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂಬುದೇ ಇಲ್ಲಿನ ತೊಡಕು. ಯಾರನ್ನು, ಪದವಿ ಮುಗಿದ ಎಷ್ಟು ದಿನಕ್ಕೆ, ಯಾವ ಪ್ರಶ್ನೆ ಕೇಳಲಾಯಿತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಈಗ ಆ ಉತ್ತರದ ಮೇಲೆ ಸಾಲ, ದಂಡ ಮತ್ತು ಕೋರ್ಸುಗಳ ಅಳಿವು ಉಳಿವು ನಿಂತಿರುವುದರಿಂದ, ಓದು ಮುಗಿಸಿ ಹೊರಬಿದ್ದವರಿಗೂ ಓದಿಸಿದ ಸಂಸ್ಥೆಗೂ ನಡುವಿನ ನಂಟಿನ ಸ್ವರೂಪವೇ ಬದಲಾಗತೊಡಗಿದೆ.

ಯಾವಾಗ ಕೇಳಿದರು ಎಂಬ ಪ್ರಶ್ನೆ

ಬ್ರಿಟನ್ನಿನಲ್ಲಿ ಬಹುಕಾಲ ಪದವಿ ಮುಗಿದ ಸುಮಾರು ಆರು ತಿಂಗಳಿಗೆ ಸಮೀಕ್ಷೆ ನಡೆಯುತ್ತಿತ್ತು. ಆರು ತಿಂಗಳಲ್ಲಿ ಅನೇಕರು ಸಿಕ್ಕ ಕೆಲಸ ಹಿಡಿದು, ಬೇಕಾದ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇರುತ್ತಾರೆ. ಅಲ್ಲದೆ ಪ್ರಶ್ನೆ ಕೇಳಿ ಉತ್ತರ ಸಂಗ್ರಹಿಸುವ ಹೊಣೆ ಆಯಾ ವಿಶ್ವವಿದ್ಯಾಲಯಗಳದ್ದೇ ಆಗಿತ್ತು, ಅಂದರೆ ಪರೀಕ್ಷೆ ಬರೆಯುವವರೇ ಮೌಲ್ಯಮಾಪನ ಮಾಡಿದಂತೆ. ಈ ಎರಡು ಕೊರತೆಗಳನ್ನು ಸರಿಪಡಿಸಲು 2017-18ರಲ್ಲಿ ಓದು ಮುಗಿಸಿದವರಿಂದ ಹಿಡಿದು ಗ್ರ್ಯಾಜುಯೇಟ್ ಔಟ್‌ಕಮ್ಸ್ ಎಂಬ ಹೊಸ ಸಮೀಕ್ಷೆ ಜಾರಿಗೆ ಬಂತು. ಇದನ್ನು ಕೇಂದ್ರೀಯವಾಗಿ ನಡೆಸಲಾಗುತ್ತದೆ ಮತ್ತು ಪದವಿ ಮುಗಿದು ಸುಮಾರು 15 ತಿಂಗಳಾದ ಮೇಲೆ ಕೇಳಲಾಗುತ್ತದೆ.

ಆಸ್ಟ್ರೇಲಿಯಾದಲ್ಲಿ ನಾಲ್ಕರಿಂದ ಆರು ತಿಂಗಳಿಗೆ ಒಮ್ಮೆ ಕೇಳಿ, ಮೂರು ವರ್ಷ ಕಳೆದ ಮೇಲೆ ಅದೇ ಗುಂಪನ್ನು ಮತ್ತೊಮ್ಮೆ ಕೇಳುತ್ತಾರೆ. ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುವ ವಿಷಯ ಮಹತ್ವದ್ದು: ಮಾನವಿಕ ವಿಷಯಗಳಂಥ, ನಿರ್ದಿಷ್ಟ ವೃತ್ತಿಗೆ ನೇರವಾಗಿ ಒಯ್ಯದ ಪದವಿಗಳನ್ನು ಪಡೆದವರು ಮೊದಲ ಎಣಿಕೆಯಲ್ಲಿ ಬಹಳ ಹಿಂದೆ ಬಿದ್ದಿರುತ್ತಾರೆ, ಎರಡನೆಯ ಎಣಿಕೆಯ ಹೊತ್ತಿಗೆ ಆ ಅಂತರ ಸಾಕಷ್ಟು ಕಿರಿದಾಗಿರುತ್ತದೆ. ಮೊದಲನೆಯದನ್ನು ಮಾತ್ರ ಪ್ರಕಟಿಸಿದರೆ ಅವು ಪ್ರಯೋಜನಕ್ಕೆ ಬಾರದ ಪದವಿಗಳು, ಎರಡನ್ನೂ ಪ್ರಕಟಿಸಿದರೆ ನಿಧಾನವಾಗಿ ಫಲ ಕೊಡುವ ಪದವಿಗಳು.

ಅಮೆರಿಕದ ಹಾದಿ ಬೇರೆ. ಅಲ್ಲಿ ಪದವೀಧರರನ್ನು ಕೇಳುವ ಗೋಜಿಗೇ ಹೋಗದೆ ಸರ್ಕಾರದ ತೆರಿಗೆ ದಾಖಲೆಗಳಿಂದ ಗಳಿಕೆಯನ್ನು ತೆಗೆದುಕೊಳ್ಳಲಾಗುತ್ತದೆ. 2013ರಲ್ಲಿ ಆರಂಭವಾದ ಕಾಲೇಜ್ ಸ್ಕೋರ್‌ಕಾರ್ಡ್ ಎಂಬ ಸರ್ಕಾರಿ ಜಾಲತಾಣಕ್ಕೆ 2015ರಲ್ಲಿ ಈ ಗಳಿಕೆಯ ಅಂಕಿಗಳು ಸೇರಿದವು. ಬ್ರಿಟನ್ ಕೂಡ ಸಮೀಕ್ಷೆಯ ಜೊತೆಗೆ ತೆರಿಗೆ ದಾಖಲೆಗಳನ್ನು ಶಿಕ್ಷಣ ದಾಖಲೆಗಳಿಗೆ ಜೋಡಿಸಿ, ಪದವಿ ಮುಗಿದ ಒಂದು, ಮೂರು, ಐದು, ಹತ್ತು ವರ್ಷಗಳ ಗಳಿಕೆಯನ್ನು ಪ್ರಕಟಿಸುತ್ತದೆ. ತೆರಿಗೆ ದಾಖಲೆಯಲ್ಲಿ ಉತ್ತರಿಸದೆ ಉಳಿದವರ ಸಮಸ್ಯೆ ಇಲ್ಲ, ನೆನಪಿನ ತಪ್ಪೂ ಇಲ್ಲ. ಆದರೆ ಅಲ್ಲಿ ಕಾಣುವುದು ಹಣ ಮಾತ್ರ. ಆ ಹಣ ಯಾವ ಕೆಲಸದಿಂದ ಬಂತು, ಆ ಕೆಲಸಕ್ಕೆ ಓದಿದ್ದು ಉಪಯೋಗಕ್ಕೆ ಬಂತೇ ಎಂಬುದು ಕಾಣುವುದಿಲ್ಲ.

ಒಬ್ಬ ವಯೊಲಿನ್ ಪದವೀಧರೆಯ ಒಂದು ವಾರ

ಸಮೀಕ್ಷೆಯ ನಮೂನೆಯಲ್ಲಿ ಏನಾಗುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡಬಹುದು. ಸಂಗೀತದಲ್ಲಿ ಪದವಿ ಪಡೆದ ಯುವತಿಯೊಬ್ಬಳು ವಾರದಲ್ಲಿ ನಾಲ್ಕು ದಿನ ಅಂಗಡಿಯೊಂದರಲ್ಲಿ ಮಾರಾಟ ಸಹಾಯಕಿ. ಎರಡು ಸಂಜೆ ಆರು ಮಕ್ಕಳಿಗೆ ವಯೊಲಿನ್ ಹೇಳಿಕೊಡುತ್ತಾಳೆ. ತಿಂಗಳಿಗೊಮ್ಮೆ ವಾದ್ಯವೃಂದದಲ್ಲಿ ನುಡಿಸುತ್ತಾಳೆ, ಅದಕ್ಕೆ ಒಮ್ಮೊಮ್ಮೆ ಸಂಭಾವನೆ ಇರುತ್ತದೆ, ಒಮ್ಮೊಮ್ಮೆ ಇರುವುದಿಲ್ಲ. ಹದಿನೈದನೇ ತಿಂಗಳಿಗೆ ಬಂದ ನಮೂನೆ, ನಿಮ್ಮ ಚಟುವಟಿಕೆಗಳಲ್ಲಿ ಅತಿ ಮುಖ್ಯವಾದದ್ದು ಯಾವುದು ಎಂದು ಕೇಳುತ್ತದೆ.

ಹೆಚ್ಚು ಹಣ ಬರುವುದು ಅಂಗಡಿಯಿಂದ ಎಂದುಕೊಂಡು ಆಕೆ ಮಾರಾಟದ ಕೆಲಸವನ್ನು ಬರೆದರೆ, ಬ್ರಿಟನ್ನಿನ ಉದ್ಯೋಗ ವರ್ಗೀಕರಣದಲ್ಲಿ ಅದು ಏಳನೆಯ ಗುಂಪಿಗೆ ಸೇರುತ್ತದೆ ಮತ್ತು ವೃತ್ತಿಪರ ಕೆಲಸವೆಂದು ಎಣಿಕೆಯಾಗುವುದಿಲ್ಲ. ತಾನು ಸಂಗೀತಗಾರ್ತಿ ಎಂದು ಬರೆದರೆ ಅದು ಮೂರನೆಯ ಗುಂಪು; ಮೊದಲ ಮೂರು ಗುಂಪುಗಳು ಯಶಸ್ಸಿನ ಖಾತೆಗೆ ಜಮೆಯಾಗುತ್ತವೆ. ಆಕೆಯ ವಾರ ಬದಲಾಗಿಲ್ಲ, ದುಡಿಮೆ ಬದಲಾಗಿಲ್ಲ. ವಿಶ್ವವಿದ್ಯಾಲಯದ ಅಂಕ ಮಾತ್ರ ಬದಲಾಯಿತು. ಇದೇ ಆಕೆಯನ್ನು ನಾಲ್ಕನೇ ತಿಂಗಳಿಗೆ ಕೇಳಿದ್ದರೆ ಪಾಠಕ್ಕೆ ಮಕ್ಕಳೇ ಇರಲಿಲ್ಲ. ನಾಲ್ಕನೇ ವರ್ಷಕ್ಕೆ ಕೇಳಿದರೆ ಅಂಗಡಿಯ ಕೆಲಸವನ್ನು ಬಿಟ್ಟಿರಲೂ ಸಾಕು.

ಆ ನಮೂನೆಯಲ್ಲಿ ಇನ್ನೂ ಮೂರು ಪ್ರಶ್ನೆಗಳಿವೆ: ಈಗ ಮಾಡುತ್ತಿರುವುದು ನಿಮಗೆ ಅರ್ಥಪೂರ್ಣ ಎನಿಸುತ್ತದೆಯೇ, ಅದು ನಿಮ್ಮ ಮುಂದಿನ ಯೋಜನೆಗೆ ಹೊಂದುತ್ತದೆಯೇ, ಓದಿದ್ದನ್ನು ನೀವು ಬಳಸುತ್ತಿದ್ದೀರಾ. ಪದವೀಧರರ ಆರಂಭಿಕ ಬದುಕಿನ ಬಗ್ಗೆ ಕೇಳಬಹುದಾದ ಪ್ರಶ್ನೆಗಳಲ್ಲಿ ಇವಕ್ಕಿಂತ ಒಳ್ಳೆಯವು ಸಿಗುವುದು ಕಷ್ಟ. ಆದರೆ ವಿಶ್ವವಿದ್ಯಾಲಯಗಳ ಮೇಲೆ ಕ್ರಮ ಕೈಗೊಳ್ಳುವಾಗ ತಕ್ಕಡಿಗೆ ಬೀಳುವುದು ಉದ್ಯೋಗದ ಗುಂಪು, ಈ ಉತ್ತರಗಳಲ್ಲ.

ನಡುವೆ ನಿಂತವನ ಸಂಬಳ

ಭಾರತದ ರಾಷ್ಟ್ರೀಯ ಸಾಂಸ್ಥಿಕ ರ‍್ಯಾಂಕಿಂಗ್ ಚೌಕಟ್ಟು, ಅಂದರೆ ಎನ್‌ಐಆರ್‌ಎಫ್, 2015ರಲ್ಲಿ ರೂಪುಗೊಂಡು 2016ರಲ್ಲಿ ಮೊದಲ ಪಟ್ಟಿ ಪ್ರಕಟಿಸಿತು. ಎಂಜಿನಿಯರಿಂಗ್ ವಿಭಾಗದಲ್ಲಿ ಪದವಿ ಫಲಿತಾಂಶಕ್ಕೆ ಶೇಕಡಾ 20ರ ತೂಕವಿದ್ದು, ಅದರೊಳಗೆ ಉದ್ಯೋಗ ಪಡೆದವರ ಸಂಬಳದ ಮಧ್ಯಾಂಕಕ್ಕೂ ಪಾಲಿದೆ. ಎಲ್ಲರ ಸಂಬಳವನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿದಾಗ ನಡುವೆ ನಿಲ್ಲುವವನ ಸಂಬಳವೇ ಮಧ್ಯಾಂಕ. ಒಬ್ಬಿಬ್ಬರು ಪಡೆದ ಭಾರಿ ಪ್ಯಾಕೇಜುಗಳಿಂದ ಸರಾಸರಿ ಉಬ್ಬುವಂತೆ ಇದು ಉಬ್ಬುವುದಿಲ್ಲವಾದ್ದರಿಂದ, ಆಯ್ಕೆ ಸರಿಯಾದದ್ದೇ.

ಆದರೆ ಆ ಸಾಲಿನಲ್ಲಿ ಯಾರು ನಿಂತಿದ್ದಾರೆ ಎಂಬುದನ್ನು ನೋಡಬೇಕು. ಒಂದು ತರಗತಿಯ ನೂರು ಮಂದಿಯಲ್ಲಿ 40 ಮಂದಿಗೆ ಕ್ಯಾಂಪಸ್ ಸಂದರ್ಶನದಲ್ಲಿ ಕೆಲಸ ಸಿಕ್ಕಿತು, 20 ಮಂದಿ ಉನ್ನತ ವ್ಯಾಸಂಗಕ್ಕೆ ಹೋದರು, ಉಳಿದ 40 ಮಂದಿ ಇನ್ನೂ ಹುಡುಕುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಪ್ರಕಟವಾಗುವ ಮಧ್ಯಾಂಕ ಸಂಬಳವು ಕೆಲಸ ಸಿಕ್ಕ 40 ಮಂದಿಯ ಸಾಲಿನ ನಡುವಿನದು, ನೂರು ಮಂದಿಯದಲ್ಲ. ಮುಂದಿನ ವರ್ಷ ಸಣ್ಣ ಸಂಬಳದ ಕಂಪನಿಗಳು ಬಾರದೆ 20 ಮಂದಿಗೆ ಮಾತ್ರ, ಅದೂ ದೊಡ್ಡ ಸಂಬಳದ ಕೆಲಸ ಸಿಕ್ಕರೆ, ಕೆಲಸ ಪಡೆದವರ ಸಂಖ್ಯೆ ಅರ್ಧಕ್ಕಿಳಿದರೂ ಮಧ್ಯಾಂಕ ಏರುತ್ತದೆ. ಸಂಬಳದ ಅಂಕಿಯನ್ನು ಒಂಟಿಯಾಗಿ ನೋಡಿ ಪ್ರವೇಶ ನಿರ್ಧರಿಸುವ ಕುಟುಂಬಕ್ಕೆ ಕೆಟ್ಟ ವರ್ಷ ಒಳ್ಳೆಯ ವರ್ಷವಾಗಿ ಕಾಣುವುದು ಹೀಗೆ. ಎನ್‌ಐಆರ್‌ಎಫ್ ಕೆಲಸ ಪಡೆದವರ ಸಂಖ್ಯೆಯನ್ನೂ ಉನ್ನತ ವ್ಯಾಸಂಗಕ್ಕೆ ಹೋದವರ ಸಂಖ್ಯೆಯನ್ನೂ ಪಕ್ಕದ ಕಾಲಂಗಳಲ್ಲೇ ಕೊಡುತ್ತದೆ. ಜಾಹೀರಾತುಗಳು ಆ ಕಾಲಂಗಳನ್ನು ಬಿಟ್ಟು ಸಂಬಳವನ್ನಷ್ಟೇ ಎತ್ತಿಕೊಳ್ಳುತ್ತವೆ.

ಅಳೆಯಲೇಬೇಕು ಎನ್ನುವವರ ವಾದ

ಅಳತೆಯ ಪರ ಇರುವವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪದವಿಗೆ ವಿದ್ಯಾರ್ಥಿ ತನ್ನ ಹಣವನ್ನೋ ಸಾಲವನ್ನೋ ಸುರಿಯುತ್ತಾನೆ, ಸರ್ಕಾರ ತೆರಿಗೆದಾರರ ಹಣವನ್ನು ಸುರಿಯುತ್ತದೆ, ಇಬ್ಬರಿಗೂ ಏನು ದಕ್ಕಿತು ಎಂದು ತಿಳಿಯುವ ಹಕ್ಕಿದೆ. ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಪದವಿಗೆ ಸೇರಿದವರಲ್ಲಿ ಐವರಲ್ಲಿ ಒಬ್ಬರು ಸೇರದೇ ಇದ್ದಿದ್ದರೆ ಹಣದ ದೃಷ್ಟಿಯಿಂದ ಹೆಚ್ಚು ಚೆನ್ನಾಗಿರುತ್ತಿದ್ದರು. ಈ ಐದನೆಯವರಿಗೆ ಮೊದಲೇ ಮಾಹಿತಿ ಸಿಗಬಾರದೇ ಎಂಬುದು ನ್ಯಾಯವಾದ ಪ್ರಶ್ನೆ.

ಎರಡನೆಯದಾಗಿ, ಮೊದಲ ಕೆಲಸ ಕೇವಲ ಮೊದಲ ಕೆಲಸವಲ್ಲ. ಅಮೆರಿಕದಲ್ಲಿ 2024ರಲ್ಲಿ ಸ್ಟ್ರಾಡಾ ಮತ್ತು ಬರ್ನಿಂಗ್ ಗ್ಲಾಸ್ ಸಂಸ್ಥೆಗಳು ಪ್ರಕಟಿಸಿದ ವರದಿಯ ಪ್ರಕಾರ, ಪದವಿ ಮುಗಿದ ಒಂದು ವರ್ಷದ ನಂತರ ಶೇಕಡಾ 52ರಷ್ಟು ಮಂದಿ ಪದವಿಯ ಅಗತ್ಯವೇ ಇಲ್ಲದ ಕೆಲಸಗಳಲ್ಲಿದ್ದರು, ಮತ್ತು ಹಾಗೆ ಆರಂಭಿಸಿದವರಲ್ಲಿ ಬಹುಪಾಲು ಮಂದಿ ಹತ್ತು ವರ್ಷಗಳ ನಂತರವೂ ಅಂಥ ಕೆಲಸಗಳಲ್ಲೇ ಉಳಿದಿದ್ದರು. ಮೊದಲ ಹೆಜ್ಜೆ ತಪ್ಪಿದರೆ ಮುಂದಿನವೂ ತಪ್ಪುತ್ತವೆ ಎಂದಾದರೆ, ಮೊದಲ ಹೆಜ್ಜೆಯನ್ನು ಅಳೆಯುವುದು ಅವಸರವಲ್ಲ, ಎಚ್ಚರಿಕೆ ಎಂದು ಇವರು ಹೇಳುತ್ತಾರೆ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂಬ ನಮ್ಮ ಗಾದೆಯನ್ನು ನಿಯಂತ್ರಕರು ನಿಯಮವಾಗಿ ಬರೆದಂತಿದೆ.

ಮಳೆ ಬಾರದ ವರ್ಷದ ಮೊಳಕೆ

ಆದರೆ ಮೊಳಕೆಯ ಸ್ಥಿತಿ ಬೀಜದ ಗುಣವನ್ನಷ್ಟೇ ಹೇಳುವುದಿಲ್ಲ. ಆರ್ಥಿಕ ಹಿಂಜರಿತದ ವರ್ಷದಲ್ಲಿ ಪದವಿ ಪಡೆದ ಕೆನಡಾದ ವಿದ್ಯಾರ್ಥಿಗಳ ಕುರಿತು 2012ರಲ್ಲಿ ಪ್ರಕಟವಾದ, ಬಹಳ ಉಲ್ಲೇಖಗೊಳ್ಳುವ ಅಧ್ಯಯನವೊಂದು ಕಂಡುಕೊಂಡದ್ದೇನೆಂದರೆ, ಅವರ ಆರಂಭದ ಗಳಿಕೆ ಸುಮಾರು ಶೇಕಡಾ 9ರಷ್ಟು ಕಡಿಮೆಯಿತ್ತು, ಐದು ವರ್ಷಗಳಲ್ಲಿ ಆ ನಷ್ಟ ಅರ್ಧಕ್ಕಿಳಿಯಿತು, ಹತ್ತು ವರ್ಷಗಳ ಹೊತ್ತಿಗೆ ಹೆಚ್ಚುಕಡಿಮೆ ಅಳಿಸಿಹೋಯಿತು. ಮೊದಲು ಸಿಕ್ಕ ಸಣ್ಣ ಸಂಸ್ಥೆಯಿಂದ ಕ್ರಮೇಣ ಉತ್ತಮ ಸಂಸ್ಥೆಗಳಿಗೆ ಹಾರುತ್ತ ಅವರು ಚೇತರಿಸಿಕೊಂಡರು. ಹೆಚ್ಚು ಬೇಡಿಕೆಯ ಪದವಿ ಇದ್ದವರು ಬೇಗ, ಇಲ್ಲದವರು ತಡವಾಗಿ. ಈ ಗುಂಪಿನವರನ್ನು ಒಂದನೇ ವರ್ಷ ಅಳೆದಿದ್ದರೆ ಸಿಗುತ್ತಿದ್ದುದು ವಿಶ್ವವಿದ್ಯಾಲಯದ ಬೋಧನೆಯ ಅಳತೆಯಲ್ಲ, ಆ ವರ್ಷದ ಮಾರುಕಟ್ಟೆಯ ಅಳತೆ.

ಈಗಿನ ಸ್ಥಿತಿಗೂ ಇದು ಅನ್ವಯಿಸುತ್ತದೆ. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನ ಲೆಕ್ಕದಂತೆ 2025ರ ಮೊದಲ ತ್ರೈಮಾಸಿಕದಲ್ಲಿ 22ರಿಂದ 27ರ ವಯಸ್ಸಿನ ಅಮೆರಿಕದ ಪದವೀಧರರ ನಿರುದ್ಯೋಗ ಸುಮಾರು ಶೇಕಡಾ 5.8ರಷ್ಟಿದ್ದು, ಎಲ್ಲ ಕೆಲಸಗಾರರ ಒಟ್ಟು ನಿರುದ್ಯೋಗ ಪ್ರಮಾಣಕ್ಕಿಂತ ಹೆಚ್ಚಿತ್ತು. ಕಂಪನಿಗಳು ಹೊಸಬರ ನೇಮಕಾತಿಯನ್ನು ತಡೆಹಿಡಿದಾಗ ಮೊದಲು ಏಟು ಬೀಳುವುದು ಇನ್ನೂ ಬಾಗಿಲಲ್ಲಿ ನಿಂತವರಿಗೆ. ಅದರ ಹೊಣೆಯನ್ನು ಅವರನ್ನು ಓದಿಸಿದವರ ತಲೆಗೆ ಕಟ್ಟುವುದು ಎಷ್ಟು ಸರಿ?

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳವಾದದ್ದು. ಹೆಸರಾಂತ ವಿಶ್ವವಿದ್ಯಾಲಯದ ಪದವೀಧರರು ಹೆಚ್ಚು ಗಳಿಸುತ್ತಾರೆ ಎಂದರೆ, ಅಲ್ಲಿ ಓದಿದ್ದರಿಂದ ಗಳಿಸುತ್ತಾರೋ, ಹೇಗಿದ್ದರೂ ಗಳಿಸುವಂಥವರನ್ನೇ ಅದು ಆರಿಸಿಕೊಂಡಿತೋ? ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ 2023ರಲ್ಲಿ ಪ್ರಕಟಿಸಿದ ಅಧ್ಯಯನವು ಅಮೆರಿಕದ 12 ಅತಿ ಪ್ರತಿಷ್ಠಿತ ಸಂಸ್ಥೆಗಳ ಕಾಯುವಪಟ್ಟಿಯಲ್ಲಿದ್ದು ಒಳಹೋದವರನ್ನೂ ಹೊರಗುಳಿದವರನ್ನೂ ಹೋಲಿಸಿತು. ಸರಾಸರಿ ಗಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆದರೆ ಗಳಿಕೆಯಲ್ಲಿ ಅತ್ಯುನ್ನತ ಶೇಕಡಾ ಒಂದರೊಳಗೆ ಸೇರುವ ಸಾಧ್ಯತೆ, ಒಳಹೋದವರಿಗೆ ಸುಮಾರು ಅರ್ಧಪಟ್ಟು ಹೆಚ್ಚಿತ್ತು. ಪ್ರತಿಷ್ಠಿತ ಕಂಪನಿಗಳಲ್ಲಿ ಕೆಲಸ ಸಿಗುವ ಸಾಧ್ಯತೆ ಸುಮಾರು ಮೂರು ಪಟ್ಟಾಗಿತ್ತು. ಎಂದರೆ ಮಧ್ಯದವರಿಗೆ ಕೊಡದ ಏನನ್ನೋ ಆ ಸಂಸ್ಥೆಗಳು ಮೇಲ್ತುದಿಯವರಿಗೆ ಕೊಡುತ್ತವೆ. ಪಾಠದ ಗುಣವೊಂದರಿಂದ ಹೀಗಾಗಿದ್ದರೆ ಅದು ಎಲ್ಲರಿಗೂ ಅಷ್ಟಿಷ್ಟು ತಲುಪಬೇಕಿತ್ತು. ಹಾಗಾಗಿಲ್ಲವಾದ್ದರಿಂದ, ಅಲ್ಲಿ ಸಿಗುವ ಸಂಪರ್ಕಗಳಿಗೆ ದೊಡ್ಡ ಪಾತ್ರವಿದೆ ಎಂದು ಊಹಿಸುವುದು ತಪ್ಪಾಗಲಾರದು.

ಮುಖಪರಿಚಯದ ಬೆಲೆ

ಸಂಪರ್ಕ ಎಂದಾಕ್ಷಣ ಆಪ್ತ ಗೆಳೆಯರು ನೆನಪಾಗುತ್ತಾರೆ. ಆದರೆ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧ ಈ ತಿಳಿವಳಿಕೆಯನ್ನು ತಲೆಕೆಳಗು ಮಾಡಿತು. ಪರಿಚಯಸ್ಥರ ಮೂಲಕ ಕೆಲಸ ಪಡೆದವರನ್ನು, ಆ ವ್ಯಕ್ತಿಯನ್ನು ನೀವು ಎಷ್ಟು ಬಾರಿ ಭೇಟಿಯಾಗುತ್ತಿದ್ದಿರಿ ಎಂದು ಅವರು ಕೇಳಿದಾಗ, ಪದೇಪದೇ ಎಂದವರು ಶೇಕಡಾ 17ರಷ್ಟು ಮಂದಿ ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು ಶೇಕಡಾ 56ರಷ್ಟು, ಅಪರೂಪಕ್ಕೆ ಎಂದವರು ಶೇಕಡಾ 28ರಷ್ಟು. ಕಾರಣ ಸರಳ. ಆಪ್ತರಿಗೆ ಗೊತ್ತಿರುವ ವಿಷಯ ನಮಗೂ ಗೊತ್ತಿರುತ್ತದೆ. ಮುಖಪರಿಚಯದವರು ಬೇರೊಂದು ವಲಯದಲ್ಲಿ ಓಡಾಡುವುದರಿಂದ ಅಲ್ಲಿನ ಸುದ್ದಿ ಅವರ ಮೂಲಕವೇ ಬರಬೇಕು. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಐದು ವರ್ಷಗಳ ದತ್ತಾಂಶದ ಮೇಲೆ ನಡೆದ ಪ್ರಯೋಗದ ವರದಿಯೂ, ಕೆಲಸ ಬದಲಿಸಲು ತೀರಾ ಆಪ್ತರಿಗಿಂತ ಮಿತವಾದ ಪರಿಚಯವಿರುವವರೇ ಹೆಚ್ಚು ನೆರವಾಗುತ್ತಾರೆಂದು ತೋರಿಸಿತು.

ವಿಶ್ವವಿದ್ಯಾಲಯ ಸಾವಿರಗಟ್ಟಲೆ ಸಂಖ್ಯೆಯಲ್ಲಿ ತಯಾರಿಸುವುದು ಇಂಥ ಮುಖಪರಿಚಯಗಳನ್ನೇ. ಎರಡು ವರ್ಷ ಮುಂದಿದ್ದ ಸೀನಿಯರ್, ಪಕ್ಕದ ವಿಭಾಗದಲ್ಲಿದ್ದ ಹಾಸ್ಟೆಲ್ ಸಹವಾಸಿ, ಒಂದೇ ಪ್ರಾಧ್ಯಾಪಕರ ಬಳಿ ಹತ್ತು ವರ್ಷ ಮೊದಲು ಓದಿದ ಅಪರಿಚಿತ, ಇವರೆಲ್ಲ ಆಪ್ತರಲ್ಲ, ಆದರೆ ನಾನೂ ಅಲ್ಲೇ ಓದಿದ್ದು ಎಂದು ಬರೆದರೆ ಮರುತ್ತರ ಬರುತ್ತದೆ. ಮನೆಯಲ್ಲಿ ಮೊದಲ ಪದವೀಧರರಾದವರಿಗೆ ಈ ಎಳೆ ಇನ್ನೂ ಮುಖ್ಯ, ಏಕೆಂದರೆ ಉಳಿದವರಿಗೆ ಚಿಕ್ಕಪ್ಪನೋ ತಂದೆಯ ಸಹೋದ್ಯೋಗಿಯೋ ಕೊಡಬಹುದಾದ ಸುಳಿವು ಅವರಿಗೆ ಬೇರೆಲ್ಲಿಂದಲೂ ಬರುವುದಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಈ ಎಳೆಯನ್ನು ಸಮೀಕ್ಷೆಯೂ ತೆರಿಗೆ ದಾಖಲೆಯೂ ಕಾಣಲಾರವು.

ಹಳೆಯ ವಿದ್ಯಾರ್ಥಿಯೋ ದಾನಿಯೋ

ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ಅಲಮ್ನಸ್ ಎಂಬ ಲ್ಯಾಟಿನ್ ಪದಕ್ಕೆ ಸಾಕುಮಗ ಎಂಬ ಅರ್ಥವಿದೆ. ಕನ್ನಡದ ಹಳೆಯ ವಿದ್ಯಾರ್ಥಿ ಎಂಬ ಮಾತು ಅದಕ್ಕಿಂತ ಚೆಲುವಾದದ್ದು. ಹಳಬನಾದರೂ ಆತ ವಿದ್ಯಾರ್ಥಿಯಾಗಿಯೇ ಇದ್ದಾನೆ. ಇಂಥವರ ಸಂಘ ಅಮೆರಿಕದ ವಿಲಿಯಮ್ಸ್ ಕಾಲೇಜಿನಲ್ಲಿ 1821ರಷ್ಟು ಹಿಂದೆಯೇ ಕಟ್ಟಲ್ಪಟ್ಟಿತು. 1890ರಲ್ಲಿ ಯೇಲ್ ವಿಶ್ವವಿದ್ಯಾಲಯ ಹಳೆಯ ವಿದ್ಯಾರ್ಥಿಗಳಿಂದ ಪ್ರತಿವರ್ಷ ದೇಣಿಗೆ ಸಂಗ್ರಹಿಸುವ ನಿಧಿಯನ್ನು ಆರಂಭಿಸಿತು. ನಂಟು ಅಂದಿನಿಂದ ಎರಡು ಮುಖ ಪಡೆಯಿತು, ಒಂದು ಸದಸ್ಯತ್ವ, ಇನ್ನೊಂದು ಹಣ. ಸದಸ್ಯತ್ವದ ಮುಖ ಪೂರ್ತಿ ಅಳಿದಿಲ್ಲ: ಆಕ್ಸ್‌ಫರ್ಡ್‌ನಲ್ಲಿ ಕುಲಾಧಿಪತಿಯನ್ನು (ಚಾನ್ಸೆಲರ್) ಚುನಾಯಿಸುವ ಮತದಾರರಲ್ಲಿ ಪದವೀಧರರಿದ್ದಾರೆ, 2024ರಲ್ಲಿ ಅವರು ಮೊದಲ ಬಾರಿಗೆ ಆನ್‌ಲೈನ್‌ನಲ್ಲಿ ಮತ ಹಾಕಿ ವಿಲಿಯಂ ಹೇಗ್ ಅವರನ್ನು ಆರಿಸಿದರು. ಆದರೆ ಬಹುತೇಕ ಕಡೆ ಹಣದ ಮುಖವೇ ದೊಡ್ಡದಾಗಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ಭಾರತದ ನ್ಯಾಕ್ ಮೌಲ್ಯಮಾಪನದಲ್ಲಿಯೂ ಹಳೆಯ ವಿದ್ಯಾರ್ಥಿಗಳ ತೊಡಗುವಿಕೆಗೆ ಪ್ರತ್ಯೇಕ ಅಂಶವಿದ್ದು, ಸಂಘ ನೋಂದಣಿಯಾಗಿದೆಯೇ, ಅದರಿಂದ ಬಂದ ಕೊಡುಗೆ ಏನು ಎಂದು ಕೇಳಲಾಗುತ್ತದೆ.

ದೇಣಿಗೆ ಕೊಡುವವರ ಪ್ರಮಾಣವನ್ನು ಯು.ಎಸ್. ನ್ಯೂಸ್ ಎಣಿಸುತ್ತಿದ್ದುದು ತೃಪ್ತಿಯ ಗುರುತೆಂದು. ಸಂತೋಷದಿಂದ ಓದಿದವರು ಕೊಡುತ್ತಾರೆ ಎಂಬ ತರ್ಕ. ಆದರೆ ಎಣಿಸತೊಡಗಿದ ಮೇಲೆ ಕಾಲೇಜುಗಳು ಮೊತ್ತಕ್ಕಿಂತ ತಲೆಗಳ ಹಿಂದೆ ಬಿದ್ದವು. ಎಷ್ಟಾದರೂ ಸರಿ, ಕೊಟ್ಟವರ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ಸಾಕು ಎಂಬ ಧಾಟಿಯ ಮನವಿಗಳು ಹೊರಟವು. ಅಳತೆ ಗುರಿಯಾದಾಗ ಅಳತೆಯಾಗಿ ಉಳಿಯುವುದಿಲ್ಲ, ಮತ್ತು ಸಂಬಳದ ಅಂಕಿಗೆ ನಾಳೆ ಆಗಲಿರುವುದೂ ಇದೇ.

ದೊಡ್ಡ ದೇಣಿಗೆಗಳ ಚರಿತ್ರೆ ಕಾಲದ ಬಗ್ಗೆ ಬೇರೆಯದೇ ಪಾಠ ಹೇಳುತ್ತದೆ. ಅಮೆರಿಕದ ಉದ್ಯಮಿ ಮೈಕೆಲ್ ಬ್ಲೂಮ್‌ಬರ್ಗ್ 1964ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಮರುವರ್ಷ ಅದಕ್ಕೆ ಕೊಟ್ಟ ಮೊದಲ ದೇಣಿಗೆ 5 ಡಾಲರ್. 2018ರಲ್ಲಿ ಬಡ ಮತ್ತು ಮಧ್ಯಮ ವರ್ಗದ ವಿದ್ಯಾರ್ಥಿಗಳ ಆರ್ಥಿಕ ನೆರವಿಗೆಂದು ಅದೇ ಸಂಸ್ಥೆಗೆ 180 ಕೋಟಿ ಡಾಲರ್ ಕೊಟ್ಟರು. 1973ರಲ್ಲಿ ಐಐಟಿ ಬಾಂಬೆಗೆ ಸೇರಿದ ನಂದನ್ ನಿಲೇಕಣಿ, ಆ ನಂಟಿಗೆ 50 ವರ್ಷವಾದ 2023ರ ಜೂನ್‌ನಲ್ಲಿ 315 ಕೋಟಿ ರೂಪಾಯಿ ನೀಡಿದರು. ಹದಿನೈದನೇ ತಿಂಗಳಿಗೋ ನಾಲ್ಕನೇ ವರ್ಷಕ್ಕೋ ಅಳೆಯುವ ಯಾವ ತಕ್ಕಡಿಗೂ ಇಂಥ ನಂಟು ಸಿಕ್ಕುವುದಿಲ್ಲ. ಇವರಿಬ್ಬರೂ ಅಪವಾದಗಳು ಎನ್ನಬಹುದು, ನಿಜ. ಆದರೆ ಆ 5 ಡಾಲರ್ ಅಪವಾದವಲ್ಲ, ಅದು ಯಾರಾದರೂ ಕೊಡಬಹುದಾದ ಮೊತ್ತ.

ಎಲ್ಲ ದೇಣಿಗೆಯೂ ಕೃತಜ್ಞತೆಯಲ್ಲ ಎಂಬುದನ್ನೂ ಹೇಳಬೇಕು. ಪ್ರವೇಶ ಕಠಿಣವಾದ ಅಮೆರಿಕದ ವಿಶ್ವವಿದ್ಯಾಲಯವೊಂದರ ದಾಖಲೆಗಳ ಮೇಲೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಕ್ಕಳು ಕಾಲೇಜು ವಯಸ್ಸಿಗೆ ಹತ್ತಿರವಾದಂತೆ ಹಳೆಯ ವಿದ್ಯಾರ್ಥಿಗಳ ದೇಣಿಗೆ ಏರುತ್ತಿತ್ತು, ಮಗುವಿಗೆ ಪ್ರವೇಶ ನಿರಾಕರಿಸಿದ ಮೇಲೆ ಥಟ್ಟನೆ ಕುಸಿಯುತ್ತಿತ್ತು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಪ್ರವೇಶದಲ್ಲಿ ಕೊಡುವ ಆದ್ಯತೆ ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ಕೊಟ್ಟ ತೀರ್ಪಿನ ನಂತರ ತೀವ್ರ ಟೀಕೆಗೆ ಗುರಿಯಾಯಿತು: ಜನಾಂಗವನ್ನು ಗಣನೆಗೆ ತೆಗೆದುಕೊಳ್ಳಬಾರದು ಎಂದಾದ ಮೇಲೆ ವಂಶವನ್ನು ಹೇಗೆ ತೆಗೆದುಕೊಳ್ಳುತ್ತೀರಿ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಕ್ಯಾಲಿಫೋರ್ನಿಯಾ 2024ರ ಸೆಪ್ಟೆಂಬರಿನಲ್ಲಿ ಖಾಸಗಿ ಸಂಸ್ಥೆಗಳಿಗೂ ಇದನ್ನು ನಿಷೇಧಿಸಿತು. ಈ ಆದ್ಯತೆ ಹೋದರೆ ದೇಣಿಗೆಯೇ ಬತ್ತುತ್ತದೆ ಎಂದು ಹೆದರುವವರು ನೋಡಬೇಕಾದದ್ದು ಮತ್ತೆ ಜಾನ್ಸ್ ಹಾಪ್ಕಿನ್ಸ್‌ನ ಕಡೆಗೆ. ತಾನು ಈ ಆದ್ಯತೆಯನ್ನು ಕೈಬಿಟ್ಟಿರುವುದಾಗಿ 2020ರಲ್ಲೇ ಬಹಿರಂಗಪಡಿಸಿದ ಆ ಸಂಸ್ಥೆಗೆ 2024ರಲ್ಲಿ ಬ್ಲೂಮ್‌ಬರ್ಗ್ ಅವರ ಪ್ರತಿಷ್ಠಾನದಿಂದ ಇನ್ನೂ 100 ಕೋಟಿ ಡಾಲರ್ ಬಂತು.

ಮುಂದೆ ಆಗಬಹುದಾದದ್ದು

ಇಂಗ್ಲೆಂಡಿನ ನಿಯಂತ್ರಕ ಸಂಸ್ಥೆ ಆಫೀಸ್ ಫಾರ್ ಸ್ಟೂಡೆಂಟ್ಸ್ 2022ರ ಅಕ್ಟೋಬರಿನಿಂದ ಜಾರಿಗೆ ತಂದ ನಿಯಮದಂತೆ, ಪೂರ್ಣಾವಧಿ ಮೊದಲ ಪದವಿ ಪಡೆದವರಲ್ಲಿ ಕನಿಷ್ಠ ಶೇಕಡಾ 60ರಷ್ಟು ಮಂದಿ ವೃತ್ತಿಪರ ಅಥವಾ ವ್ಯವಸ್ಥಾಪಕ ಉದ್ಯೋಗ, ಮುಂದಿನ ವ್ಯಾಸಂಗ ಅಥವಾ ಇತರ ಸಕಾರಾತ್ಮಕ ಸ್ಥಿತಿಯಲ್ಲಿರಬೇಕು. ಇಲ್ಲವಾದರೆ ಸಂಸ್ಥೆ ತನಿಖೆಗೂ ದಂಡಕ್ಕೂ ಗುರಿಯಾಗಬಹುದು. ಆ ವರ್ಷ ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯ ಇಂಗ್ಲಿಷ್ ಸಾಹಿತ್ಯದ ಪ್ರತ್ಯೇಕ ಪದವಿಗೆ ಪ್ರವೇಶ ನಿಲ್ಲಿಸಿದಾಗ, ಬರಲಿದ್ದ ಈ ನಿಯಮದ ನೆರಳೂ ಅದರ ಮೇಲಿದೆ ಎಂಬ ಚರ್ಚೆ ಎದ್ದಿತು. ಸಾಹಿತ್ಯ, ಕಲೆ, ಸಂಗೀತದ ಪದವಿಗಳು ಪ್ರತಿಷ್ಠಿತ ಸಂಸ್ಥೆಗಳಲ್ಲಿ ಉಳಿದು, ಸಾಧಾರಣ ಕುಟುಂಬಗಳ ಮಕ್ಕಳು ಓದುವ ಸಂಸ್ಥೆಗಳಲ್ಲಿ ಮುಚ್ಚಿದರೆ, ಆ ವಿಷಯಗಳು ಉಳ್ಳವರ ಪಾಲಿಗೆ ಮೀಸಲಾಗುತ್ತವೆ.

ಎರಡನೆಯ ಪರಿಣಾಮ ಪ್ರವೇಶದ ಬಾಗಿಲಲ್ಲಿ ಆಗುವಂಥದ್ದು. ಪದವೀಧರರ ಸಂಬಳದಿಂದ ತನ್ನ ಅಂಕ ನಿರ್ಧಾರವಾಗುವುದಾದರೆ, ಹೆಚ್ಚು ಸಂಬಳ ಪಡೆಯಬಲ್ಲವರನ್ನೇ ಸೇರಿಸಿಕೊಳ್ಳುವುದು ಸಂಸ್ಥೆಗೆ ಸುಲಭದ ದಾರಿ. ಕಷ್ಟದ ಹಿನ್ನೆಲೆಯಿಂದ ಬಂದವರನ್ನು ಸೇರಿಸಿ ಮೇಲೆತ್ತುವುದು ಅಪಾಯದ ದಾರಿ. ಸಂಬಳ ಕಡಿಮೆಯಿರುವ ಪ್ರದೇಶದ ಸಂಸ್ಥೆ ಆ ಪ್ರದೇಶಕ್ಕೇ ಶಿಕ್ಷಕರನ್ನೂ ಸಮಾಜ ಕಾರ್ಯಕರ್ತರನ್ನೂ ಕೊಟ್ಟರೆ ಅಂಕ ಕಳೆದುಕೊಳ್ಳುತ್ತದೆ, ಅವರನ್ನೇ ಮಹಾನಗರಕ್ಕೆ ಕಳುಹಿಸಿದರೆ ಗಳಿಸುತ್ತದೆ. ಹಿನ್ನೆಲೆ ಮತ್ತು ಪ್ರದೇಶಕ್ಕೆ ತಕ್ಕಂತೆ ಲೆಕ್ಕವನ್ನು ಹೊಂದಿಸಬಹುದು, ಬ್ರಿಟನ್ನಿನಲ್ಲಿ ನಿಯಂತ್ರಕರು ಸಂದರ್ಭವನ್ನು ಪರಿಗಣಿಸುವುದಾಗಿಯೂ ಹೇಳುತ್ತಾರೆ. ಆದರೆ ಸುದ್ದಿಯಾಗುವುದು ಹೊಂದಿಸಿದ ಅಂಕಿಯಲ್ಲ.

ಇದಕ್ಕೆ ಪರ್ಯಾಯವಾದ ಕಲ್ಪನೆಯೂ ಚಾಲ್ತಿಯಲ್ಲಿದೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳ ದಾಖಲಾತಿಯನ್ನು ಪ್ರವೇಶ ಪಡೆದ ದಿನದಿಂದ 20 ವರ್ಷಗಳವರೆಗೆ ಮಾನ್ಯವೆಂದು ಘೋಷಿಸಿತು. ಪದವಿ ಮುಗಿಸಿ ಕೆಲಸಕ್ಕೆ ಹೋದವರು ಹೊಸ ಕೌಶಲ ಬೇಕೆನಿಸಿದಾಗ ಮರಳಿ ಬಂದು ಕೋರ್ಸು ತೆಗೆದುಕೊಳ್ಳಬಹುದು. ಇಲ್ಲಿ ಪದವೀಧರ ಸಮೀಕ್ಷೆಯ ಉತ್ತರವೂ ಅಲ್ಲ, ದೇಣಿಗೆಯ ಮೂಲವೂ ಅಲ್ಲ, ರಜೆಯಲ್ಲಿರುವ ವಿದ್ಯಾರ್ಥಿ. ಇದಕ್ಕೆ ಹಣ ಬೇಕು, ಅಧ್ಯಾಪಕರು ಬೇಕು; ಎಲ್ಲ ಸಂಸ್ಥೆಗಳಿಂದ ಆಗುವ ಕೆಲಸವಲ್ಲ. ಆದರೆ ಪದವಿ ಮುಗಿದ ಮೂರು ನಾಲ್ಕು ವರ್ಷ ಉದ್ಯೋಗ ಮಾರ್ಗದರ್ಶನ ಕೇಂದ್ರದ ಬಾಗಿಲನ್ನು ಹಳಬರಿಗೂ ತೆರೆದಿಡುವುದು, ಹೊಸ ಪದವೀಧರರಿಗೆ ಅದೇ ಕ್ಷೇತ್ರದ ಹಿರಿಯರೊಬ್ಬರ ಪರಿಚಯ ಮಾಡಿಸುವುದು ಅಷ್ಟು ದುಬಾರಿಯಲ್ಲ. ವಿಶ್ವವಿದ್ಯಾಲಯದಿಂದ ಬರುವ ಮೊದಲ ಕರೆ ನಿನಗೆ ಸಂಬಳ ಎಷ್ಟು ಎಂದೂ, ಎರಡನೆಯದು ನಮಗೆಷ್ಟು ಕೊಡುತ್ತೀ ಎಂದೂ ಕೇಳುವುದಾದರೆ ಮೂರನೆಯ ಕರೆಯನ್ನು ಯಾರೂ ಎತ್ತುವುದಿಲ್ಲ.

ಆರಂಭದಲ್ಲಿ ಹೇಳಿದ ಅಮೆರಿಕದ ಕಾಯ್ದೆಯ ಗಳಿಕೆ ನಿಯಮ 2026ರ ಜುಲೈಯಿಂದ ಅನ್ವಯವಾಗುತ್ತದೆ. ಒಂದು ಕೋರ್ಸಿನಲ್ಲಿ ಪದವಿ ಪಡೆದವರ ನಾಲ್ಕು ವರ್ಷಗಳ ನಂತರದ ಮಧ್ಯಾಂಕ ಗಳಿಕೆ, ಸಾಮಾನ್ಯವಾಗಿ ಅದೇ ರಾಜ್ಯದಲ್ಲಿ ಪ್ರೌಢಶಿಕ್ಷಣವಷ್ಟೇ ಮುಗಿಸಿ ದುಡಿಯುತ್ತಿರುವ 25ರಿಂದ 34ರ ವಯಸ್ಸಿನವರ ಮಧ್ಯಾಂಕಕ್ಕಿಂತ ಮೂರರಲ್ಲಿ ಎರಡು ವರ್ಷ ಕೆಳಗಿದ್ದರೆ, ಆ ಕೋರ್ಸಿಗೆ ಸೇರುವವರಿಗೆ ಸರ್ಕಾರಿ ಸಾಲ ಸಿಗುವುದಿಲ್ಲ. ನಾಲ್ಕು ವರ್ಷ ಹಿಂದಕ್ಕೆ ಎಣಿಸಿದರೆ ತಿಳಿಯುತ್ತದೆ: ಮೊದಲ ಎಣಿಕೆಗೆ ಸಿಗಲಿರುವವರು ಈ ಕಾಯ್ದೆ ಹುಟ್ಟುವ ಮೊದಲೇ ಪದವಿ ಪಡೆದು ಹೊರಟುಹೋದವರು. ತಾವು ಹಿಡಿದ ಸಣ್ಣ ಸಂಬಳದ ಕೆಲಸ, ಮಗುವಿಗೋಸ್ಕರ ಬಿಟ್ಟ ಒಂದು ವರ್ಷ, ಇಷ್ಟಪಟ್ಟು ಆರಿಸಿಕೊಂಡ ಅರೆಕಾಲಿಕ ದುಡಿಮೆ ತಮ್ಮ ಹಳೆಯ ವಿಭಾಗದ ಬಾಗಿಲ ಮೇಲೆ ಅಂಕಿಯಾಗಿ ಬೀಳಲಿದೆ ಎಂಬುದು, ಆ ನಿರ್ಧಾರಗಳನ್ನು ಮಾಡುವಾಗ ಅವರಿಗೆ ಗೊತ್ತಿರಲಿಲ್ಲ.